ಪರದೆಯ ಮೇಲಿನ ನೀಲಾಂಜನೆ

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಊರಿನ ಬಸದಿಯ ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಸಿದ್ಧತೆಗಾಗಿ ಹಿರಿಯರೂ ಕಿರಿಯರೂ ಸಭೆ ಸೇರಿದ್ದೆವು. ದೀಕ್ಷಾಕಲ್ಯಾಣದ ದಿನ ನಡೆಯಬೇಕಾದ ನೀಲಾಂಜನೆಯ ನೃತ್ಯದ ವಿಷಯ ಬಂದಾಗ ಯುವ ಸದಸ್ಯರೊಬ್ಬರು ಒಂದು ಸಲಹೆಯನ್ನು ಮುಂದಿಟ್ಟರು. ಮಕ್ಕಳಿಗೆ ಪರೀಕ್ಷೆಯ ಕಾಲ, ಅಭ್ಯಾಸಕ್ಕೆ ಬಿಡುವಿಲ್ಲ, ವೇಷಭೂಷಣ, ವಾದ್ಯವೃಂದಗಳ ವೆಚ್ಚವೂ ಕಡಿಮೆಯದಲ್ಲ. ಬೇರೊಂದು ಊರಿನ ಮಹೋತ್ಸವದಲ್ಲಿ ನಡೆದ ಉತ್ತಮ ನೃತ್ಯದ ವಿಡಿಯೋ ದೊರೆಯುತ್ತದೆ. ಅದನ್ನೇ ವೇದಿಕೆಯ ದೊಡ್ಡ ಎಲ್‌ಇಡಿ ಪರದೆಯ ಮೇಲೆ ತೋರಿಸಿದರೆ ಕೊನೆಯ ಸಾಲಿನವರಿಗೂ ಚೆನ್ನಾಗಿ ಕಾಣುತ್ತದೆ, ತಾಳ ತಪ್ಪುವ ಭಯವೂ ಇಲ್ಲ ಎಂಬುದು ಅವರ ವಾದ. ಸಲಹೆ ವಿವೇಕಯುತವಾಗಿಯೇ ಇತ್ತು. ನಾನೂ ತಲೆದೂಗಿದೆ.

ಆಗ ಹಿಂದಿನ ಸಾಲಿನಲ್ಲಿ ಕುಳಿತಿದ್ದ, ಊರಿನ ಎರಡು ತಲೆಮಾರಿನ ಹೆಣ್ಣುಮಕ್ಕಳಿಗೆ ಗೆಜ್ಜೆ ಕಟ್ಟಿಸಿದ ವೃದ್ಧ ಶ್ರಾವಿಕೆಯೊಬ್ಬರು ಮೆಲ್ಲನೆ ಕೇಳಿದರು: “ಎಲ್ಲವೂ ಸರಿ. ಆದರೆ ಪರದೆಯ ಮೇಲಿನ ನೀಲಾಂಜನೆಗೆ ಆಯುಷ್ಯ ತೀರುವುದು ಹೇಗೆ?”

ಸಭೆ ನಕ್ಕು ಮುಂದಿನ ವಿಷಯಕ್ಕೆ ಹೋಯಿತು. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ನೃತ್ಯವೆಂಬುದು ದೇಹದಲ್ಲಿಯೇ ಹುಟ್ಟಿ ದೇಹದಲ್ಲಿಯೇ ಮುಗಿಯುವ ಕಲೆ. ಆ ದೇಹವನ್ನು ಬಿಟ್ಟು ನೃತ್ಯವನ್ನು ಮಾತ್ರ ಉಳಿಸಿಕೊಳ್ಳುವ ಸಾಮರ್ಥ್ಯವನ್ನು ಯಂತ್ರಗಳು ಈಗ ನಮಗೆ ಕೊಟ್ಟಿವೆ. ಇದರಿಂದ ನಾವು ಪಡೆದುದೇನು, ಕಳೆದುಕೊಂಡುದೇನು, ಈ ಸಾಮರ್ಥ್ಯವನ್ನು ಬಳಸುವಾಗ ಪಾಲಿಸಬೇಕಾದ ಧರ್ಮ ಯಾವುದು ಎಂಬುದನ್ನು ಸಹೃದಯ ವಾಚಕರೊಡನೆ ಕೂಡಿ ಚಿಂತಿಸುವುದೇ ಈ ಲೇಖನದ ಆಶಯ.

ಪುರಾಣದ ಪ್ರಸಂಗ

ನೀಲಾಂಜನೆಯ ಕಥೆ ನಮ್ಮ ಮನೆಗಳಲ್ಲಿ ಮಕ್ಕಳಿಗೂ ಗೊತ್ತು. 9ನೆಯ ಶತಮಾನದ ಜಿನಸೇನಾಚಾರ್ಯರು ಸಂಸ್ಕೃತದಲ್ಲಿ ಹೇಳಿದ ಈ ಪ್ರಸಂಗವನ್ನು ಕ್ರಿ.ಶ. 941ರಲ್ಲಿ ಪಂಪನು ಕನ್ನಡದ ಆದಿಪುರಾಣದಲ್ಲಿ ಅಮರಗೊಳಿಸಿದನು. ಮಥುರೆಯ ಕಂಕಾಲಿ ಟೀಲಾದಲ್ಲಿ ದೊರೆತು ಲಖನೌ ವಸ್ತುಸಂಗ್ರಹಾಲಯ ಸೇರಿದ ಒಂದು ಪ್ರಾಚೀನ ಶಿಲಾಫಲಕದಲ್ಲಿಯೂ ಇದೇ ದೃಶ್ಯವಿದೆಯೆಂದು ವಿದ್ವಾಂಸರು ಗುರುತಿಸಿದ್ದಾರೆ. ಭೋಗದಲ್ಲಿ ತೊಡಗಿದ್ದ ವೃಷಭನಾಥನಿಗೆ ವೈರಾಗ್ಯದ ಕಾಲ ಬಂದಿತೆಂದು ಅರಿತ ದೇವೇಂದ್ರನು, ಆಯುಷ್ಯ ತೀರುತ್ತಿದ್ದ ದೇವನರ್ತಕಿಯನ್ನೇ ಆರಿಸಿ ಸಭೆಯಲ್ಲಿ ನರ್ತಿಸಲು ನೇಮಿಸುತ್ತಾನೆ. ನರ್ತಿಸುತ್ತಿದ್ದಂತೆಯೇ ಆಕೆಯ ಆಯುಷ್ಯ ಮುಗಿಯುತ್ತದೆ. ದೇಹವು ಮಿಂಚಿನಂತೆ ಮಾಯವಾಗುತ್ತದೆ. ರಸಭಂಗವಾಗಬಾರದೆಂದು ಇಂದ್ರನು ಮರುಕ್ಷಣವೇ ಅವಳಂತೆಯೇ ಇರುವ ಮತ್ತೊಂದು ರೂಪವನ್ನು ಅಲ್ಲಿ ನಿಲ್ಲಿಸುತ್ತಾನೆ. ಅದೇ ಲಯ, ಅದೇ ಹಾವಭಾವ. ಸಭೆಯು ನೃತ್ಯವನ್ನು ಸವಿಯುತ್ತಲೇ ಇರುತ್ತದೆ. ನಡೆದುದನ್ನು ಕಂಡವನು ವೃಷಭನಾಥನೊಬ್ಬನೇ.

ಈ ಕಥೆಯನ್ನು ನಾವು ಸಾಮಾನ್ಯವಾಗಿ ದೇಹದ ಅನಿತ್ಯತೆಗೆ ದೃಷ್ಟಾಂತವಾಗಿ ಹೇಳುತ್ತೇವೆ. ಅದು ಸರಿಯೇ. ಆದರೆ ಇದರಲ್ಲಿ ಇನ್ನೊಂದು ಸಂಗತಿಯೂ ಅಡಗಿದೆ. ನರ್ತಕಿ ಇಲ್ಲವಾದ ಮೇಲೂ ನೃತ್ಯ ಮುಂದುವರಿಯಬಲ್ಲದು. ಪ್ರತಿರೂಪವು ಮೂಲದ ಜಾಗದಲ್ಲಿ ನಿಂತು ಸಭೆಯನ್ನು ತೃಪ್ತಿಪಡಿಸಬಲ್ಲದು. ಸಾವಿರ ವರ್ಷಗಳಿಗೂ ಹಿಂದೆ ನಮ್ಮ ಕವಿಗಳು ಕಲ್ಪಿಸಿದ್ದ ಈ ಸನ್ನಿವೇಶವು ನಮ್ಮ ಕಾಲದಲ್ಲಿ ಅಕ್ಷರಶಃ ನಿಜವಾಗಿದೆ.

ಯಂತ್ರವು ಕಂಡ ನೃತ್ಯ

1999ರ ಏಪ್ರಿಲ್ ತಿಂಗಳಿನಲ್ಲಿ ಅಮೆರಿಕದ ಬರ್ಕ್ಲಿ ನಗರದಲ್ಲಿ ‘ಬೈಪೆಡ್’ ಎಂಬ ನೃತ್ಯದ ಪ್ರಥಮ ಪ್ರದರ್ಶನ ನಡೆಯಿತು. ಹೆಸರಿನ ಅರ್ಥ ‘ಎರಡು ಕಾಲಿನ ಪ್ರಾಣಿ’ ಎಂದು. ಅದರ ಸಂಯೋಜಕರು ಆಧುನಿಕ ನೃತ್ಯದ ಹಿರಿಯರಲ್ಲೊಬ್ಬರಾದ ಮರ್ಸ್ ಕನಿಂಗ್‌ಹ್ಯಾಮ್. ಆಗ ಅವರಿಗೆ 80 ವರ್ಷ. ಅವರೊಡನೆ ಕೆಲಸ ಮಾಡಿದವರು ಪಾಲ್ ಕೈಸರ್ ಮತ್ತು ಶೆಲ್ಲಿ ಎಶ್ಕರ್ ಎಂಬ ಇಬ್ಬರು ಡಿಜಿಟಲ್ ಕಲಾವಿದರು.

ಅವರು ಅನುಸರಿಸಿದ ಕ್ರಮವನ್ನು ಸರಳವಾಗಿ ಹೀಗೆ ವಿವರಿಸಬಹುದು. ನರ್ತಕನ ಭುಜ, ಮೊಣಕೈ, ಸೊಂಟ, ಮಂಡಿ ಮೊದಲಾದ ಸಂಧಿಗಳ ಮೇಲೆ ಬೆಳಕನ್ನು ಪ್ರತಿಫಲಿಸುವ ಪುಟ್ಟ ಗುಂಡುಗಳನ್ನು ಅಂಟಿಸುತ್ತಾರೆ. ಸುತ್ತಲೂ ಹಲವು ಕ್ಯಾಮೆರಾಗಳು ನಿಂತಿರುತ್ತವೆ. ಅವು ನರ್ತಕನ ಮುಖವನ್ನಾಗಲಿ ಚರ್ಮವನ್ನಾಗಲಿ ದಾಖಲಿಸುವುದಿಲ್ಲ; ಆ ಗುಂಡುಗಳು ಕ್ಷಣಕ್ಷಣಕ್ಕೂ ಎಲ್ಲಿವೆ ಎಂಬುದನ್ನು ಮಾತ್ರ ಗುರುತಿಸುತ್ತವೆ. ಗಣಕಯಂತ್ರವು ಆ ಗುರುತುಗಳಿಂದ ಲೆಕ್ಕ ಹಾಕಿ ಚಲನೆಯನ್ನು ಅಂಕೆಗಳ ಮಾಲೆಯನ್ನಾಗಿ ಮಾಡುತ್ತದೆ. ಇದನ್ನು ಮೋಷನ್ ಕ್ಯಾಪ್ಚರ್, ಅಂದರೆ ಚಲನೆಯನ್ನು ಸೆರೆಹಿಡಿಯುವುದು ಎನ್ನುತ್ತಾರೆ. ಆ ಅಂಕೆಗಳಿಗೆ ಕಲಾವಿದರು ರೇಖೆಗಳ ರೂಪ ಕೊಟ್ಟರು. ರಂಗದ ಮುಂದೆ ಇಳಿಬಿಟ್ಟ ಪಾರದರ್ಶಕ ಪರದೆಯ ಮೇಲೆ ಆ ರೇಖಾಕೃತಿಗಳು ನರ್ತಿಸುತ್ತಿದ್ದವು. ಪರದೆಯ ಹಿಂದೆ ರಕ್ತಮಾಂಸದ ನರ್ತಕರು ನರ್ತಿಸುತ್ತಿದ್ದರು. ಮೂಲ ಮತ್ತು ಪ್ರತಿರೂಪಗಳೆರಡೂ ಒಂದೇ ರಂಗದಲ್ಲಿ ಪ್ರೇಕ್ಷಕರ ಎದುರಿಗಿದ್ದವು.

ಕನಿಂಗ್‌ಹ್ಯಾಮ್ ಯಂತ್ರದ ಕಡೆಗೆ ತಿರುಗಿದ ಸಂದರ್ಭವೂ ಗಮನಾರ್ಹ. ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ‘ಲೈಫ್ ಫಾರ್ಮ್ಸ್’ ಎಂಬ ಗಣಕ ಸಾಧನವನ್ನು ಅವರು 1980ರ ದಶಕದ ಕೊನೆಯಲ್ಲಿ ಕಲಿಯತೊಡಗಿದಾಗ ಎಪ್ಪತ್ತನ್ನು ಮುಟ್ಟಿದ್ದರು. ಸಂಧಿವಾತದಿಂದ ಅವರ ಕಾಲುಗಳು ಬಿಗಿಯುತ್ತಿದ್ದವು. ತಾವು ಮಾಡಿ ತೋರಿಸಲಾಗದುದನ್ನು ಪರದೆಯ ಮೇಲಿನ ಪುಟ್ಟ ಮಾನವಾಕೃತಿಯ ಮೂಲಕ ಅವರು ಸಂಯೋಜಿಸಿದರು. ಆ ಆಕೃತಿಗೆ ಭಾರವಿಲ್ಲ, ಆಯಾಸವಿಲ್ಲ. ಮನುಷ್ಯನಿಗೆ ಅಸಾಧ್ಯವೆನಿಸುವ ಭಂಗಿಯನ್ನೂ ಅದು ತಾಳುತ್ತದೆ. ಆಮೇಲೆ ತರುಣ ನರ್ತಕರು ಅದನ್ನು ತಮ್ಮ ದೇಹಗಳಲ್ಲಿ ಸಾಧಿಸಲು ಹೆಣಗಬೇಕು. ಹೀಗೆ ಹೆಣಗುವಲ್ಲಿ ಹುಟ್ಟಿದುದೇ ಅವರ ಹೊಸ ನೃತ್ಯ. ಇಲ್ಲಿ ಯಂತ್ರವು ದೇಹವನ್ನು ಹೊರದೂಡಲಿಲ್ಲ. ಮುಪ್ಪಾಗುತ್ತಿದ್ದ ದೇಹಕ್ಕೆ ಊರುಗೋಲಾಯಿತು.

ಆದುದರಿಂದ ಯಂತ್ರವನ್ನು ಕಂಡೊಡನೆ ಕಲೆ ಕೆಟ್ಟಿತೆಂದು ಮರುಗುವುದು ನಮಗೆ ಶೋಭಿಸುವುದಿಲ್ಲ. ನಮ್ಮ ಪರಂಪರೆಯ ಪ್ರಕಾರ ಬ್ರಾಹ್ಮಿಗೆ ಲಿಪಿಯನ್ನೂ ಸುಂದರಿಗೆ ಅಂಕವಿದ್ಯೆಯನ್ನೂ ಕಲಿಸಿದವನು ವೃಷಭನಾಥನೇ. ನೀಲಾಂಜನೆಯ ನೃತ್ಯದಲ್ಲಿ ದೇಹದ ಕೊನೆಯನ್ನು ಕಂಡವನೂ ಅವನೇ. ಅಂಕೆ ಮತ್ತು ನೃತ್ಯಗಳೆರಡೂ ಒಂದೇ ಮನೆಯ ವಿದ್ಯೆಗಳು. ಒಂದು ಇನ್ನೊಂದನ್ನು ಸಂಧಿಸಿದರೆ ಅದರಲ್ಲಿ ಅಪಚಾರವೇನೂ ಇಲ್ಲ.

ಶರೀರವೋ, ನೆರಳೋ?

ಆದರೂ ಪರದೆಯ ಮೇಲಿನ ಆಕೃತಿಯನ್ನು ಏನೆಂದು ಕರೆಯಬೇಕು? ಅದು ಒಂದು ಬಗೆಯ ಶರೀರವೇ?

ತತ್ತ್ವಾರ್ಥಸೂತ್ರವು ಐದು ಬಗೆಯ ಶರೀರಗಳನ್ನು ಹೇಳುತ್ತದೆ: ಔದಾರಿಕ, ವೈಕ್ರಿಯಿಕ, ಆಹಾರಕ, ತೈಜಸ, ಕಾರ್ಮಣ. ನಮ್ಮ ಈ ಮಾಂಸದ ದೇಹ ಔದಾರಿಕ. ದೇವತೆಗಳ, ಬೇಕಾದ ರೂಪವನ್ನು ತಾಳಬಲ್ಲ ದೇಹ ವೈಕ್ರಿಯಿಕ. ದೇವನರ್ತಕಿಯಾದ ನೀಲಾಂಜನೆಯದು ಅಂತಹ ದೇಹ. ಗಣಕದ ಆಕೃತಿಯೂ ಬೇಕಾದಂತೆ ಹಿಗ್ಗುತ್ತದೆ, ಕುಗ್ಗುತ್ತದೆ, ಒಂದು ಹತ್ತಾಗುತ್ತದೆ. ಇದನ್ನು ವೈಕ್ರಿಯಿಕಕ್ಕೆ ಹೋಲಿಸುವ ಆಸೆ ಯಾರಿಗಾದರೂ ಹುಟ್ಟೀತು. ಆದರೆ ಈ ಹೋಲಿಕೆ ನಿಲ್ಲುವುದಿಲ್ಲ. ಶರೀರವೆಂದರೆ ಒಂದು ಜೀವವು ತನ್ನ ಕರ್ಮಕ್ಕನುಗುಣವಾಗಿ ಧರಿಸಿದುದು. ಪರದೆಯ ಆಕೃತಿಯನ್ನು ಯಾವ ಜೀವವೂ ಧರಿಸಿಲ್ಲ. ಅದು ಬೆಳಕು, ಬೆಳಕು ಪುದ್ಗಲ, ಪುದ್ಗಲವು ಅಜೀವ. ಅದಕ್ಕೆ ಆಯುಃಕರ್ಮವೂ ಇಲ್ಲ. ವೃದ್ಧ ಶ್ರಾವಿಕೆಯ ಪ್ರಶ್ನೆಗೆ ತಾತ್ತ್ವಿಕವಾದ ಉತ್ತರ ಇದೇ. ಆಯುಷ್ಯವೇ ಇಲ್ಲದುದಕ್ಕೆ ಅದು ತೀರುವ ಬಗೆ ಎಲ್ಲಿಯದು?

ಅದು ಅಜೀವವಾದ್ದರಿಂದ ಅದಕ್ಕೆ ಹಿಂಸೆಯಾಗುವಂತಿಲ್ಲ. ಹಾಗೆಂದ ಮಾತ್ರಕ್ಕೆ ಧರ್ಮದ ಪ್ರಶ್ನೆ ಅಲ್ಲಿಗೆ ಮುಗಿಯುವುದಿಲ್ಲ. ಆ ಆಕೃತಿಯ ಒಂದು ಬದಿಯಲ್ಲಿ ಯಾರ ಚಲನೆಯನ್ನು ತೆಗೆದುಕೊಳ್ಳಲಾಯಿತೋ ಆ ಮನುಷ್ಯನಿದ್ದಾನೆ. ಇನ್ನೊಂದು ಬದಿಯಲ್ಲಿ ಅದನ್ನು ನೋಡುತ್ತಿರುವ ಮನುಷ್ಯನಿದ್ದಾನೆ. ಇಬ್ಬರೂ ಜೀವರು. ನಡುವಿನ ನೆರಳಿನಿಂದ ಇಬ್ಬರಿಗೂ ನೋವಾಗಬಹುದು, ಮೋಸವಾಗಬಹುದು.

ದತ್ತ ಮತ್ತು ಅದತ್ತ

ಮೊದಲು ಚಲನೆಯನ್ನು ಕೊಟ್ಟವನ ವಿಷಯ. ಗಣಕಕ್ಕೆ ಒದಗಿಸುವ ಮಾಹಿತಿಗೆ ಕನ್ನಡದಲ್ಲಿ ‘ದತ್ತಾಂಶ’ ಎಂಬ ಪದ ರೂಢಿಯಾಗಿದೆ. ದತ್ತ ಎಂದರೆ ಕೊಡಲ್ಪಟ್ಟುದು. ಪದವನ್ನು ಟಂಕಿಸಿದವರು ಇಷ್ಟನ್ನು ಯೋಚಿಸಿದ್ದರೋ ಇಲ್ಲವೋ, ಒಂದು ನೀತಿಯೇ ಅದರೊಳಗೆ ಸೇರಿಕೊಂಡಿದೆ. ಕೊಡದಿದ್ದುದನ್ನು ತೆಗೆದುಕೊಂಡರೆ ಅದು ದತ್ತವಲ್ಲ, ಅದತ್ತ. ಅದತ್ತಾದಾನವೇ ಕಳ್ಳತನ ಎಂಬುದು ನಮ್ಮ ಆಚಾರ್ಯರ ನಿರ್ಣಯ. ಅಚೌರ್ಯಾಣುವ್ರತವನ್ನು ಸ್ವೀಕರಿಸಿದ ಗೃಹಸ್ಥನು ಬಿದ್ದ ವಸ್ತುವನ್ನೂ ಮರೆತುಹೋದ ವಸ್ತುವನ್ನೂ ತನ್ನದೆಂದು ಎತ್ತಿಕೊಳ್ಳಬಾರದು. ಹಾಗಿರುವಾಗ ಒಬ್ಬನ ದೇಹವು ವರ್ಷಗಟ್ಟಲೆ ಬೆವರು ಸುರಿಸಿ ಗಳಿಸಿದ ನಡೆಯನ್ನು ಎತ್ತಿಕೊಳ್ಳಬಹುದೇ?

ಇದು ಕೇವಲ ಊಹೆಯ ಪ್ರಶ್ನೆಯಲ್ಲ. ತಾನು ಸಂಯೋಜಿಸಿದ ಹೆಜ್ಜೆಗಳನ್ನು ಅನುಮತಿಯಿಲ್ಲದೆ ಫೋರ್ಟ್‌ನೈಟ್ ಎಂಬ ವಿಡಿಯೋ ಆಟದ ಬೊಂಬೆಗೆ ಕಲಿಸಿದ್ದಾರೆಂದು ಕೈಲ್ ಹನಗಾಮಿ ಎಂಬ ಅಮೆರಿಕದ ನೃತ್ಯಸಂಯೋಜಕರು 2022ರಲ್ಲಿ ನ್ಯಾಯಾಲಯಕ್ಕೆ ಹೋದರು. ಕೆಳಗಿನ ನ್ಯಾಯಾಲಯವು ದಾವೆಯನ್ನು ವಜಾ ಮಾಡಿತು. 2023ರ ನವೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯವು ಆ ತೀರ್ಪನ್ನು ಬದಿಗೊತ್ತಿ, ನೃತ್ಯವನ್ನು ಬಿಡಿಬಿಡಿಯಾದ ಭಂಗಿಗಳ ಪಟ್ಟಿಯೆಂದು ಕಾಣುವುದು ಸರಿಯಲ್ಲವೆಂಬ ನಿಲುವಿನಿಂದ ವಿಚಾರಣೆಗೆ ದಾರಿ ಮಾಡಿಕೊಟ್ಟಿತು. ಅದೇ ವರ್ಷ ಅಮೆರಿಕದ ಚಲನಚಿತ್ರ ಮತ್ತು ದೂರದರ್ಶನ ನಟರ ಸಂಘವು 118 ದಿನಗಳ ಮುಷ್ಕರ ಹೂಡಿತು. ನಟನ ಡಿಜಿಟಲ್ ಪ್ರತಿರೂಪವನ್ನು ಆತನ ಒಪ್ಪಿಗೆ ಮತ್ತು ಸಂಭಾವನೆಗಳಿಲ್ಲದೆ ಬಳಸಕೂಡದೆಂಬುದು ಅವರ ಮುಖ್ಯ ಬೇಡಿಕೆಗಳಲ್ಲೊಂದು. ಶಾಸ್ತ್ರವನ್ನು ಓದದ ಆ ಜನರು ಅದತ್ತಾದಾನದ ವಿರುದ್ಧವೇ ಹೋರಾಡುತ್ತಿದ್ದರೆನ್ನಬಹುದು.

ಇದಕ್ಕೆ ಎದುರಾಗಿ, ಕೊಟ್ಟು ಹೋಗುವ ಬಗೆಯೂ ಒಂದಿದೆ. ಕನಿಂಗ್‌ಹ್ಯಾಮ್ ಅವರು ತಮ್ಮ ಕೈಗಳಿಗಾಗಿಯೇ ರಚಿಸಿದ್ದ ‘ಲೂಪ್ಸ್’ ಎಂಬ ಏಕವ್ಯಕ್ತಿ ನೃತ್ಯದ ಚಲನೆಗಳನ್ನು ಗಣಕದಲ್ಲಿ ದಾಖಲಿಸಿ, 2001ರಲ್ಲಿ ಅದೇ ಹೆಸರಿನ ಡಿಜಿಟಲ್ ಕಲಾಕೃತಿಯನ್ನು ರೂಪಿಸಲಾಗಿತ್ತು. 2008ರಲ್ಲಿ, ಅವರು ಬದುಕಿದ್ದಾಗಲೇ, ಅದರ ದತ್ತಾಂಶವನ್ನು ಯಾರು ಬೇಕಾದರೂ ಬಳಸಿಕೊಳ್ಳಲು ಮುಕ್ತಗೊಳಿಸಲಾಯಿತು. ಅದು ನಿಜವಾದ ದತ್ತ. 2009ರ ಜುಲೈ ತಿಂಗಳಿನಲ್ಲಿ ತಮ್ಮ 90ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ತಮ್ಮ ನಂತರ ನೃತ್ಯತಂಡವು ಎರಡು ವರ್ಷ ಸಂಚರಿಸಿ ಆಮೇಲೆ ವಿಸರ್ಜನೆಗೊಳ್ಳಬೇಕೆಂದು ಅವರ ಕಾಲದಲ್ಲಿಯೇ ಯೋಜನೆ ಸಿದ್ಧವಾಗಿತ್ತು. ಅದರಂತೆ 2011ರ ಡಿಸೆಂಬರ್ 31ರಂದು ನ್ಯೂಯಾರ್ಕಿನಲ್ಲಿ ಆ ತಂಡ ಕೊನೆಯ ಬಾರಿ ನರ್ತಿಸಿತು. ಕೈಯ ಚಲನೆಯನ್ನು ದಾನ ಮಾಡಿ, ಕಟ್ಟಿದ ಸಂಸ್ಥೆಯ ಮೇಲಿನ ಮಮತೆಯನ್ನೂ ಕಳಚಿ ಹೋದ ಆ ಕಲಾವಿದರಿಗೆ ಅಪರಿಗ್ರಹವೆಂಬ ಶಬ್ದ ಗೊತ್ತಿರಲಾರದು. ಸಂಸ್ಥೆಗಳನ್ನು ನಡೆಸುವ ನಮಗೆ ಶಬ್ದ ಗೊತ್ತಿದೆ. ಆಚರಣೆ ಎಷ್ಟು ಕಠಿಣವೆಂಬುದೂ ಗೊತ್ತಿದೆ.

ಮಾಯೆಯೆಂಬ ಕಷಾಯ

ಇನ್ನು ನೋಡುವವನ ವಿಷಯ. ಕ್ರೋಧ, ಮಾನ, ಮಾಯೆ, ಲೋಭಗಳು ನಾಲ್ಕು ಕಷಾಯಗಳು. ಇಲ್ಲಿ ಮಾಯೆಯೆಂದರೆ ಕಪಟ. ಇರುವುದನ್ನು ಮರೆಮಾಡಿ ಇಲ್ಲದುದನ್ನು ತೋರುವುದು. ‘ಬೈಪೆಡ್’ ನೃತ್ಯದಲ್ಲಿ ಮಾಯೆಯಿಲ್ಲ. ಪ್ರತಿರೂಪವು ರೇಖೆಗಳಾಗಿಯೇ ಕಾಣುತ್ತಿತ್ತು, ಮನುಷ್ಯರು ಮನುಷ್ಯರಾಗಿಯೇ ಕಾಣುತ್ತಿದ್ದರು. ಎರಡನ್ನೂ ಒಟ್ಟಿಗೆ ನೋಡಿದ ಪ್ರೇಕ್ಷಕನಿಗೆ ಉಸಿರಿರುವ ದೇಹದ ಬೆಲೆ ಹೆಚ್ಚಾಗಿಯೇ ತಿಳಿದಿರಬೇಕು. ಇಂದ್ರಸಭೆಯಲ್ಲಿ ನಡೆದುದು ಬೇರೆ. ಅಲ್ಲಿ ಪ್ರತಿರೂಪವನ್ನು ಮೂಲವೆಂದೇ ನಂಬಿಸಲಾಯಿತು. ಇಂದ್ರನ ಉದ್ದೇಶ ದೊಡ್ಡದಿತ್ತು, ನಿಜ. ಆದರೆ ಸತ್ತವರ ಮುಖವನ್ನೂ ಬದುಕಿರುವವರ ದನಿಯನ್ನೂ ಕೃತಕವಾಗಿ ಸೃಷ್ಟಿಸಿ ಹರಿಯಬಿಡುವ ಇಂದಿನವರಲ್ಲಿ ಎಷ್ಟು ಮಂದಿಗೆ ಇತರರ ವೈರಾಗ್ಯವು ಉದ್ದೇಶವಾಗಿದೆ? ಬಹುಪಾಲು ಲೋಭವೇ ಅದರ ಮೂಲ.

ಮಾಯೆಗೆ ಇನ್ನೊಂದು ಸೂಕ್ಷ್ಮವಾದ ಮುಖವಿದೆ. ಪರದೆಯ ನೃತ್ಯ ಎಂದೂ ತಪ್ಪುವುದಿಲ್ಲ, ದಣಿಯುವುದಿಲ್ಲ, ಮುಪ್ಪಾಗುವುದಿಲ್ಲ. ಅದನ್ನೇ ನೋಡಿ ಅಭ್ಯಾಸವಾದ ಕಣ್ಣಿಗೆ ನಿಜವಾದ ದೇಹವು ಕೊರತೆಯಾಗಿ ಕಾಣತೊಡಗುತ್ತದೆ. ನಮ್ಮ ಮಕ್ಕಳು ಮೊಬೈಲಿನಲ್ಲಿ ತಿದ್ದಿದ ಮುಖಗಳನ್ನು ಕಂಡು ತಮ್ಮ ಮುಖವನ್ನು ಹಳಿದುಕೊಳ್ಳುವುದನ್ನು ಪಾಲಕರು ಬಲ್ಲರು. ದೇಹದ ಮೇಲಿನ ವ್ಯಾಮೋಹವನ್ನು ಬಿಡಿರೆಂದು ಧರ್ಮ ಹೇಳಿತು; ದೇಹವನ್ನು ದ್ವೇಷಿಸಿರೆಂದು ಹೇಳಲಿಲ್ಲ. ತಪಸ್ಸಿಗೂ ಈ ಔದಾರಿಕ ಶರೀರವೇ ಸಾಧನ.

ಈ ಭೇದವನ್ನು ಕಾಣಬೇಕಾದರೆ ಶ್ರವಣಬೆಳಗೊಳದ ಬೆಟ್ಟವನ್ನು ನೆನೆದರೆ ಸಾಕು. 10ನೆಯ ಶತಮಾನದ ಆ ಬಾಹುಬಲಿಮೂರ್ತಿ ಕಾಯೋತ್ಸರ್ಗದಲ್ಲಿ ನಿಂತಿದೆ. ಕಾಯವನ್ನು ಬಿಡುವುದೆಂದರೆ ಕಾಯವನ್ನು ಎಸೆಯುವುದಲ್ಲ. ಕಾಯದಲ್ಲಿಯೇ ನಿಂತು ಅದರ ಮಮತೆಯನ್ನು ಬಿಡುವುದು. ಬಳ್ಳಿಗಳು ತೊಡೆಯನ್ನೂ ತೋಳನ್ನೂ ಹಬ್ಬಿವೆ. ಚಲನೆಯನ್ನಷ್ಟೇ ಸೆರೆಹಿಡಿಯುವ ಯಂತ್ರವನ್ನು ಅಂತಹ ಯೋಗಿಯ ಮುಂದೆ ನಿಲ್ಲಿಸಿದರೆ ಅದಕ್ಕೆ ಉಸಿರಿನ ಏರಿಳಿತವಲ್ಲದೆ ಬೇರೇನೂ ಸಿಗದು. ದೇಹದಲ್ಲಿ ನಡೆಯುವ ಅತ್ಯಂತ ದೊಡ್ಡ ಘಟನೆಯು ಯಂತ್ರದ ಪಾಲಿಗೆ ಘಟನೆಯೇ ಅಲ್ಲ.

ನಮ್ಮ ದೇಶದ ಸಮಕಾಲೀನ ನೃತ್ಯದಲ್ಲಿಯೂ ಈ ನಿಶ್ಚಲತೆಯನ್ನು ಅರಸಿದವರಿದ್ದರು. ಚೆನ್ನೈಯ ಚಂದ್ರಲೇಖಾ ಅವರು ಭರತನಾಟ್ಯ, ಯೋಗ, ಕಳರಿಪಯಟ್ಟುಗಳನ್ನು ಬೆಸೆದು ತಮ್ಮ ನೃತ್ಯಗಳನ್ನು ಕಟ್ಟಿದರು. 2001ರ ಅವರ ‘ಶರೀರ’ ಎಂಬ ಕೃತಿಯಲ್ಲಿ ಧ್ರುಪದ್ ಗಾಯನದೊಡನೆ ದೇಹಗಳು ಅತ್ಯಂತ ನಿಧಾನವಾಗಿ ಚಲಿಸುತ್ತವೆ. ವೇಗದ ಕಾಲದಲ್ಲಿ ನಿಧಾನವೇ ಅವರ ಉತ್ತರವಾಗಿತ್ತು. 2006ರ ಡಿಸೆಂಬರಿನಲ್ಲಿ ಅವರು ಅಗಲಿದರು. ಇತ್ತ 1992ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಆಟ್ಟಕ್ಕಳರಿ ಸಂಸ್ಥೆಯು ‘ನಾಗರಿಕ’ ಎಂಬ ಯೋಜನೆಯಲ್ಲಿ ಭಾರತೀಯ ನೃತ್ಯಪದ್ಧತಿಗಳನ್ನು ಡಿಜಿಟಲ್ ರೂಪದಲ್ಲಿ ದಾಖಲಿಸಲು ತೊಡಗಿತು. ಒಬ್ಬರು ಯಂತ್ರದಿಂದ ದೂರ ಸರಿದರು, ಇನ್ನೊಬ್ಬರು ಅದನ್ನು ವಿದ್ಯೆಯ ರಕ್ಷಣೆಗೆ ಕರೆದರು. ಅನೇಕಾಂತದ ದೃಷ್ಟಿಯಿರುವ ನಮಗೆ ಇವೆರಡೂ ಒಪ್ಪಿತವಾಗಬಲ್ಲವು. ದ್ರವ್ಯದೃಷ್ಟಿಯಿಂದ ಉಳಿಯುವುದೂ ಇದೆ, ಪರ್ಯಾಯದೃಷ್ಟಿಯಿಂದ ಅಳಿಯುವುದೂ ಇದೆ. ಉಳಿದ ನೆರಳನ್ನೇ ಅಳಿದ ದೇಹವೆಂದು ಭ್ರಮಿಸದಿದ್ದರೆ ಸಾಕು.

ನಮ್ಮ ಕರ್ತವ್ಯ

ಬಸದಿಗಳ ವಿಶ್ವಸ್ತ ಮಂಡಳಿಗಳು ಈ ವಿಷಯದಲ್ಲಿ ಕೆಲವು ಸರಳ ನಿಯಮಗಳನ್ನು ಪಾಲಿಸಬಹುದು. ಉತ್ಸವಗಳಲ್ಲಿ ನರ್ತಿಸುವವರ, ಅದರಲ್ಲಿಯೂ ಬಾಲಕಿಯರ, ಚಿತ್ರಗಳನ್ನು ತೆಗೆದು ಹಂಚುವ ಮೊದಲು ಅವರ ಮತ್ತು ತಂದೆತಾಯಿಯರ ಒಪ್ಪಿಗೆಯನ್ನು ಪಡೆಯಬೇಕು. ಅವರು ಬೇಡವೆಂದ ದಿನ ಅದನ್ನು ಅಳಿಸಬೇಕು. ಹಳೆಯ ಗುರುಗಳ ನೃತ್ಯವನ್ನು ದಾಖಲಿಸಿ ಕಲಿಕೆಗೆ ಬಳಸುವುದು ಪುಣ್ಯಕಾರ್ಯ; ಅದಕ್ಕೆ ಹಣ ತೆಗೆದಿಡಬೇಕು. ದಾಖಲೆಯನ್ನು ಸಭೆಗೆ ತೋರಿಸುವಾಗ ಇದು ದಾಖಲೆ, ಇಂಥವರದು, ಇಂಥ ವರ್ಷದ್ದು ಎಂದು ಹೇಳಬೇಕು. ನೀಲಾಂಜನೆಯ ನೃತ್ಯವಾದರೋ ನಶ್ವರತೆಯನ್ನೇ ಸಾರುವಂಥದು. ಅದನ್ನು ನಶ್ವರವಾದ ದೇಹವೇ ಆಡಿ ತೋರಿಸಬೇಕು. ಎಷ್ಟು ಬಾರಿ ಬೇಕಾದರೂ ಮೊದಲಿನಿಂದ ನೋಡಬಹುದಾದ ನೀಲಾಂಜನೆಯನ್ನು ಕಂಡು ಯಾರಿಗೆ ವೈರಾಗ್ಯ ಹುಟ್ಟೀತು?

ನಮ್ಮ ಊರಿನ ಸಭೆ ಕೊನೆಗೆ ಏನು ನಿರ್ಧರಿಸಿತೆಂದು ವಾಚಕರು ಕೇಳಬಹುದು. ಪರೀಕ್ಷೆಗಳು ಮುಗಿದಿದ್ದ ಇಬ್ಬರು ಕಾಲೇಜು ಹುಡುಗಿಯರು ಮುಂದೆ ಬಂದರು. ಆ ವೃದ್ಧ ಶ್ರಾವಿಕೆಯೇ ಅವರಿಗೆ ಕಲಿಸಿದರು. ತಾವೇ ಹಿಂದೆ ಕಲಿಸಿದ್ದ ಹೆಜ್ಜೆಗಳು ಕೆಲವೆಡೆ ಮರೆತುಹೋಗಿದ್ದಾಗ, ಯುವ ಸದಸ್ಯರು ಹಳೆಯ ಉತ್ಸವವೊಂದರ ವಿಡಿಯೋವನ್ನು ಹುಡುಕಿ ತಂದು ತೋರಿಸಿದರು. ಯಂತ್ರಕ್ಕೂ ಅಲ್ಲಿ ಯೋಗ್ಯವಾದ ಸ್ಥಾನ ದೊರೆಯಿತು.

ದೀಕ್ಷಾಕಲ್ಯಾಣದ ದಿನ ನೃತ್ಯ ನಡೆಯಿತು. ಒಂದು ಕ್ಷಣ ದೀಪಗಳು ಆರಿದವು. ಮತ್ತೆ ಬೆಳಗಿದಾಗ ಅದೇ ಬಣ್ಣದ ಸೀರೆ, ಅದೇ ಆಭರಣ, ಅದೇ ಹೆಜ್ಜೆ. ಆದರೆ ನರ್ತಿಸುತ್ತಿದ್ದವಳು ಎರಡನೆಯ ಹುಡುಗಿ. ಸಭೆ ತಾಳ ಹಾಕುತ್ತಲೇ ಇತ್ತು. ಮುಂದಿನ ಸಾಲಿನಲ್ಲಿ ತಾಯಿಯ ಮಡಿಲಲ್ಲಿದ್ದ ನಾಲ್ಕೈದು ವರ್ಷದ ಮಗುವೊಂದು ಗಟ್ಟಿಯಾಗಿ ಕೇಳಿತು: “ಅಮ್ಮಾ, ಮೊದಲಿನ ಅಕ್ಕ ಎಲ್ಲಿ ಹೋದಳು?”

ತಾಯಿ ನಾಚಿ ಮಗುವಿನ ಬಾಯಿಗೆ ಕೈ ಅಡ್ಡ ಹಿಡಿದರು. ಪಕ್ಕದಲ್ಲಿದ್ದ ವೃದ್ಧ ಶ್ರಾವಿಕೆ ಆ ಕೈಯನ್ನು ಮೆಲ್ಲನೆ ಸರಿಸಿ, “ಕೇಳಲಿ ಬಿಡಮ್ಮ” ಎಂದರು.